ಡಾಕ್ಟರಮ್ಮನ ಅಂಚೆ: ರಕ್ತ ನಿಲ್ಲಿಸೋದನ್ನ ಕಲಿಯೋಕೆ ಮೇಕೆ ಸಾಯಬೇಕಾ?

ಅಮೆರಿಕದ ಸೇನೆ ಇನ್ನು ಮುಂದೆ ಮೇಕೆ, ಹಂದಿಗಳಿಗೆ ಗುಂಡು ಹೊಡೆದು ತನ್ನ ವೈದ್ಯ ಸಹಾಯಕರಿಗೆ ತರಬೇತಿ ಕೊಡುವಂತಿಲ್ಲ ಎಂದು ಹೋದ ಸಂಚಿಕೆಯಲ್ಲಿ ಎರಡೇ ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬಿಪಿ, ಶುಗರ್, ಮಂಡಿನೋವಿನ ಪ್ರಶ್ನೆಗಳಿಗೆ ರಜೆ. ನಾನು ಇಪ್ಪತ್ತೆರಡು ವರ್ಷ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಇದ್ದವಳು. ಅದರಲ್ಲಿ ಒಂಬತ್ತು ವರ್ಷ ಹುಡುಗರಿಗೆ ಗಾಯ ಕಟ್ಟೋದನ್ನ ಕಲಿಸಿದ್ದೇನೆ. ಈ ವಿಷಯ ನನಗೆ ಬರೀ ಸುದ್ದಿ ಅಲ್ಲ.

ಪ್ರಶ್ನೆ: ಮೇಡಂ, ನೀವು ಬರೆದದ್ದು ಓದಿ ನಂಬೋಕೇ ಆಗಲಿಲ್ಲ. ಇಷ್ಟು ದಿನ ನಿಜವಾಗಿಯೂ ಪ್ರಾಣಿಗಳಿಗೆ ಗುಂಡು ಹೊಡೆದು ಪಾಠ ಮಾಡುತ್ತಿದ್ದರಾ? ಯಾಕೆ? ಈಗ ಪೂರ್ತಿ ನಿಂತಿದೆಯಾ?
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಹೌದಪ್ಪ, ಮಾಡುತ್ತಿದ್ದರು. ಮೇಕೆಗೋ ಹಂದಿಗೋ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಆಮೇಲೆ ಗುಂಡು ಹೊಡೆದೋ, ಇರಿದೋ, ಕಾಲು ಕತ್ತರಿಸಿಯೋ ಗಾಯ ಮಾಡುತ್ತಿದ್ದರು. ಕಲಿಯುವವನು ಓಡಿ ಬಂದು ರಕ್ತ ನಿಲ್ಲಿಸಬೇಕು, ಉಸಿರಾಟಕ್ಕೆ ದಾರಿ ಮಾಡಬೇಕು, ಆದಷ್ಟು ಹೊತ್ತು ಪ್ರಾಣ ಉಳಿಸಬೇಕು. ಪಾಠ ಮುಗಿದ ಮೇಲೆ ಆ ಪ್ರಾಣಿಯನ್ನು ಏಳಿಸುವುದಿಲ್ಲ, ಮದ್ದು ಕೊಟ್ಟು ಮುಗಿಸುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು ‘ಲೈವ್ ಟಿಶ್ಯೂ ಟ್ರೈನಿಂಗ್’. ಅಂದರೆ ಜೀವಂತ ಅಂಗಾಂಶದ ಮೇಲೆ ತರಬೇತಿ. ಆ ಹೆಸರಿನಲ್ಲಿ ಮೇಕೆ ಎಲ್ಲೂ ಕಾಣುವುದಿಲ್ಲ ನೋಡಿ. ನನಗೆ ಮೊದಲು ಚುಚ್ಚಿದ್ದೇ ಅದು.

ಮೊದಲು ನಾಯಿಗಳೂ ಇದ್ದವು. 1983ರಲ್ಲಿ ಅಮೆರಿಕದ ಬೆಥೆಸ್ಡಾದ ಸೇನಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಯಿಗಳಿಗೆ ಗುಂಡು ಹೊಡೆದು ಪಾಠ ಮಾಡುವ ಯೋಜನೆ ಹೊರಬಿತ್ತು. ಜನ ರೊಚ್ಚಿಗೆದ್ದರು. ಆಗಿನ ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್ ಅದನ್ನು ತಡೆದರು. ನಾಯಿ ಉಳಿಯಿತು. ಮೇಕೆ, ಹಂದಿಗಳ ಪರವಾಗಿ ಅಷ್ಟು ಜನ ಅಳಲಿಲ್ಲ, ಅವು ಉಳಿಯಲಿಲ್ಲ. ವಿಷಾನಿಲದ ದಾಳಿಯ ಪಾಠಕ್ಕೆ ಕೋತಿಗಳಿಗೆ ಮದ್ದು ಚುಚ್ಚಿ ಅವು ನಡುಗುವುದನ್ನು ತೋರಿಸುತ್ತಿದ್ದರು. 2011ರಲ್ಲಿ ಅದನ್ನು ಬಿಡುವುದಾಗಿ ಅಮೆರಿಕದ ಭೂಸೇನೆ ಹೇಳಿತು.

2012ರಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ತರಬೇತಿಯ ಒಂದು ವಿಡಿಯೊ ಹೊರಬಂತು. ಮರದ ರೆಂಬೆ ಸವರುವ ಕತ್ತರಿಯಿಂದ ಮೇಕೆಯ ಕಾಲು ಕತ್ತರಿಸುತ್ತಾರೆ. ಮೇಕೆ ಅಲುಗಾಡುತ್ತದೆ, ನರಳುತ್ತದೆ. ಪಕ್ಕದಲ್ಲಿ ಯಾರೋ ಸಿಳ್ಳೆ ಹಾಕುತ್ತಿರುತ್ತಾರೆ. ನಾನು ಅದನ್ನು ಪೂರ್ತಿ ನೋಡಲಿಲ್ಲ. ಸೇನೆಯಲ್ಲಿ ಅದಕ್ಕಿಂತ ಕೆಟ್ಟ ಗಾಯಗಳನ್ನು ನೋಡಿದವಳು ನಾನು, ಆದರೂ ಆಗಲಿಲ್ಲ.

ಮುಂದಿನ ವರ್ಷವೇ ಅಲ್ಲಿನ ಸಂಸತ್ತು ರಕ್ಷಣಾ ಇಲಾಖೆಗೆ ‘ಪ್ರಾಣಿ ಬಿಟ್ಟು ಕಲಿಸುವುದು ಹೇಗೆ, ಎಷ್ಟು ದಿನದಲ್ಲಿ, ಯೋಜನೆ ತನ್ನಿ’ ಎಂದು ಕಾನೂನಿನಲ್ಲೇ ಕೇಳಿತು. 2015ರಿಂದ ಕೆಲವು ಪಾಠಗಳಲ್ಲಿ ಪ್ರಾಣಿ ನಿಂತಿತು. ಈಗ 2025ರ ಡಿಸೆಂಬರ್‌ನಲ್ಲಿ ಪಾಸಾದ ರಕ್ಷಣಾ ಕಾನೂನು ಗುಂಡು ಹೊಡೆಯುವುದನ್ನು ನಿಲ್ಲಿಸಿದೆ. ಅದಕ್ಕೆ ಹೆಚ್ಚು ಒತ್ತಾಯ ಮಾಡಿದವರು ಫ್ಲಾರಿಡಾದ ಸಂಸದ ವರ್ನ್ ಬ್ಯೂಕ್ಯಾನನ್. ಆದರೆ ನಿನ್ನ ಕೊನೆಯ ಪ್ರಶ್ನೆಗೆ ಉತ್ತರ, ಇಲ್ಲ, ಪೂರ್ತಿ ನಿಂತಿಲ್ಲ. ಅರಿವಳಿಕೆ ಕೊಟ್ಟ ಪ್ರಾಣಿಯನ್ನು ಇರಿಯಲು, ಸುಡಲು ಇನ್ನೂ ಅವಕಾಶ ಇದೆ.

ಇದು ಎಲ್ಲ ದೇಶಗಳ ಕಥೆ ಎಂದುಕೊಳ್ಳಬೇಡ. ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೊದಲ್ಲಿ ಆಗ 28 ದೇಶ ಇದ್ದವು. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅವುಗಳ ಪೈಕಿ 22 ದೇಶಗಳು ಇಂಥ ತರಬೇತಿಗೆ ಪ್ರಾಣಿ ಬಳಸುವುದಿಲ್ಲ ಎಂದವು. ಅವರ ಸೈನಿಕರೂ ಅಫ್ಘಾನಿಸ್ತಾನಕ್ಕೆ ಹೋಗಿದ್ದರು ಅಲ್ವಾ? ಅವರಿಗೂ ಗಾಯ ಆಗುತ್ತಿತ್ತು, ಅವರಲ್ಲೂ ಗಾಯ ಕಟ್ಟುವವರು ಇದ್ದರು.

ಪ್ರಶ್ನೆ: ಡಾಕ್ಟರಮ್ಮ, ನನ್ನ ಮಗ ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಟ್ರೈನಿಂಗ್ ಮುಗಿದು ಈಗ ಮೊದಲ ಪೋಸ್ಟಿಂಗ್. ಅವನು ಎಲ್ಲ ಗೊಂಬೆ ಮೇಲೆ ಕಲಿತೆ ಅಮ್ಮ ಅನ್ನುತ್ತಾನೆ. ಪ್ರಾಣಿಗೆ ನೋವು ಕೊಡಬಾರದು ಅನ್ನೋದು ನನಗೂ ಸರಿ. ಆದರೆ ತಾಯಿಯಾಗಿ ಹೆದರಿಕೆ. ಗೊಂಬೆ ಮೇಲೆ ಕಲಿತವನಿಗೆ ನಿಜವಾದ ರಕ್ತ ಕಂಡಾಗ ಕೈ ನಡುಗೋದಿಲ್ವಾ?
— ಒಬ್ಬ ತಾಯಿ, ಸೋಮವಾರಪೇಟೆ

ನಡುಗುತ್ತದೆ ತಾಯಿ. ಮೊದಲನೇ ಸಲ ಎಲ್ಲರಿಗೂ ನಡುಗುತ್ತದೆ. ನನಗೂ ನಡುಗಿತ್ತು. ಮೇಕೆ ಮೇಲೆ ಕಲಿತವನಿಗೂ ನಡುಗುತ್ತದೆ, ಯಾಕೆಂದರೆ ಎದುರಿಗೆ ಬಿದ್ದಿರೋದು ನಿನ್ನೆ ರಾತ್ರಿ ಜೊತೆಗೆ ಊಟ ಮಾಡಿದ ಸ್ನೇಹಿತ. ಅದನ್ನು ಯಾವ ಮೇಕೆಯೂ ಕಲಿಸುವುದಿಲ್ಲ. ಕೈ ನಡುಗಿದರೂ ಮಾಡಬೇಕಾದ ಕೆಲಸ ಮಾಡುತ್ತದೆಯಾ ಎನ್ನುವುದೇ ಪ್ರಶ್ನೆ. ಅದಕ್ಕೆ ಒಂದೇ ದಾರಿ, ಆ ಕೆಲಸ ಕೈಗೆ ಬರುವ ತನಕ ಮತ್ತೆ ಮತ್ತೆ ಮಾಡುವುದು.

ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಎಂದರೆ ಅದಕ್ಕೊಂದು ಕಾರಣ ಇದೆ. 1994ರ ಮಾತು. ಗಡಿ ಕಡೆಯ ಬೆಟ್ಟದ ರಸ್ತೆಯಲ್ಲಿ ನಮ್ಮ ಒಂದು ಒನ್ ಟನ್ ಗಾಡಿ ಉರುಳಿತು. ಅದರಲ್ಲಿ ಒಬ್ಬ ಜವಾನನ ತೊಡೆ ಸೀಳಿತ್ತು. ಜೊತೆಗಿದ್ದ ನರ್ಸಿಂಗ್ ಅಸಿಸ್ಟೆಂಟ್‌ಗೆ ಇಪ್ಪತ್ತು ವರ್ಷ. ಬುದ್ಧಿವಂತ ಹುಡುಗ, ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವನು. ಓಡಿಹೋಗಿ ತ್ರಿಕೋನದ ಪಟ್ಟಿ ಸುತ್ತಿದ, ಕಡ್ಡಿ ಸಿಕ್ಕಿಸಿ ತಿರುಚಿದ. ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ದ. ಆದರೆ ಪ್ಯಾಂಟಿನ ಮೇಲೆ ಕಟ್ಟಿದ್ದ. ನನ್ನ ಹತ್ತಿರ ತರುವ ಹೊತ್ತಿಗೆ ಗಾಯಾಳುವಿನ ತುಟಿ ಬೆಳ್ಳಗಾಗಿತ್ತು. ನಾನು ಬಟ್ಟೆ ಕತ್ತರಿಸಿದೆ. ಪಟ್ಟಿಯ ಕೆಳಗೆ, ಜೇಬಿನಲ್ಲಿ, ದಪ್ಪಗೆ ಮಡಚಿಟ್ಟ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇತ್ತು. ಮನೆಯಿಂದ ಬಂದ ಪತ್ರಗಳು. ಪಟ್ಟಿಯ ಬಿಗಿಯೆಲ್ಲ ಆ ಕಾಗದದ ಕಟ್ಟಿನ ಮೇಲೆ ಬಿದ್ದಿತ್ತು. ರಕ್ತನಾಳದ ಮೇಲೆ ಬಿದ್ದಿರಲಿಲ್ಲ.

ಆ ಜವಾನ ಉಳಿಯಲಿಲ್ಲ. ಕಟ್ಟಿದ ಹುಡುಗ ‘ಮೇಡಂ, ನಾನು ಬಿಗಿಯಾಗೇ ಕಟ್ಟಿದ್ದೆ’ ಎಂದು ಎರಡು ಮೂರು ಸಲ ಹೇಳಿದ. ಬಿಗಿಯಾಗೇ ಕಟ್ಟಿದ್ದ ಪಾಪ. ತುಂಬಿದ ಜೇಬಿನ ಮೇಲೆ ಕಟ್ಟಿದರೆ ಏನಾಗುತ್ತದೆ ಎಂದು ಯಾರೂ ಅವನ ಕೈಯಿಂದ ಮಾಡಿಸಿ ತೋರಿಸಿರಲಿಲ್ಲ.

ಈಗ ಹೇಳಿ ತಾಯಿ. ಅವತ್ತು ಅವನು ಒಂದು ಮೇಕೆಯ ಮೇಲೆ ಕಲಿತಿದ್ದರೆ ಇದು ಗೊತ್ತಾಗುತ್ತಿತ್ತಾ? ಮೇಕೆಗೆ ಪ್ಯಾಂಟಿಲ್ಲ, ಜೇಬಿಲ್ಲ, ಜೇಬಿನಲ್ಲಿ ಪತ್ರವಿಲ್ಲ. ಅದರ ಕಾಲು ನನ್ನ ಮುಂಗೈ ಗಾತ್ರ. ಜವಾನನ ತೊಡೆ ಬಾಳೆಯ ದಿಂಡಿನಷ್ಟು ದಪ್ಪ, ಮಾಂಸಖಂಡ ಬಿಗಿದಿರುತ್ತದೆ. ಅದನ್ನು ಹಿಂಡಿ ಒಳಗಿನ ನಾಳ ಮುಚ್ಚಬೇಕಾದರೆ ಎಷ್ಟು ಬಲ ಬೇಕು ಎಂಬುದು ಮನುಷ್ಯನ ತೊಡೆಯಂಥದ್ದೇ ತೊಡೆಯ ಮೇಲೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ನಾನು ಕಲಿಸುವಾಗ ದಿನಾ ಬೆಳಿಗ್ಗೆ ಹುಡುಗರಿಂದ ಒಬ್ಬರ ಕಾಲಿಗೆ ಒಬ್ಬರು ಕಟ್ಟಿಸುತ್ತಿದ್ದೆ. ಪೂರ್ತಿ ಯೂನಿಫಾರಂ, ಜೇಬು ತುಂಬ ಸಾಮಾನು. ಬೆಳಕಿನಲ್ಲಿ ಬಂದ ಮೇಲೆ ಕತ್ತಲಲ್ಲಿ, ಕೈ ಒಣಗಿದ್ದಾಗ ಬಂದ ಮೇಲೆ ಎಣ್ಣೆ ಹಚ್ಚಿಕೊಂಡು. ಸರಿಯಾಗಿ ಕಟ್ಟಿದರೆ ತುಂಬಾ ನೋಯುತ್ತದೆ. ನನ್ನ ತೊಡೆಗೇ ಕಟ್ಟಿಸಿಕೊಂಡು ನೋಡಿದ್ದೇನೆ. ಪಾದದ ನಾಡಿ ಬೆರಳಿಗೆ ಸಿಗುತ್ತಾ ಇರುತ್ತದೆ, ಕಡ್ಡಿ ಇನ್ನೊಂದು ಸುತ್ತು ತಿರುಗಿದ ತಕ್ಷಣ ಮಾಯ. ಹಲ್ಲು ಕಚ್ಚಿಕೊಳ್ಳುವಷ್ಟು ನೋವು. ‘ನೋಯುತ್ತಿದೆ’ ಎಂದು ಗೆಳೆಯ ಕೂಗಿದಾಗ ಸಡಿಲ ಮಾಡಬಾರದು ಎಂಬುದೂ ಒಂದು ಪಾಠ. ಅರಿವಳಿಕೆ ಕೊಟ್ಟ ಪ್ರಾಣಿ ಕೂಗುವುದಿಲ್ಲ.

ಇದು ಎಷ್ಟು ಮುಖ್ಯ ಎಂದು ತಿಳಿಯಲು ಒಂದು ಲೆಕ್ಕ ಹೇಳುತ್ತೇನೆ. 2001ರಿಂದ 2011ರವರೆಗೆ ಯುದ್ಧಭೂಮಿಯಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಅವರ ಸೇನೆಯ ವೈದ್ಯರು ಒಂದೊಂದಾಗಿ ನೋಡಿದರು. ನೂರಕ್ಕೆ 87 ಜನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಹಾಗೆ ಹೋದವರಲ್ಲಿ ಸುಮಾರು ಕಾಲು ಭಾಗ ಉಳಿಯಬಹುದಿತ್ತು. ಆ ಉಳಿಯಬಹುದಾಗಿದ್ದವರಲ್ಲಿ ನೂರಕ್ಕೆ 91 ಜನರನ್ನು ಕೊಂದದ್ದು ರಕ್ತಸ್ರಾವ. ಅಂದರೆ ಸರ್ಜನ್ ಬರುವ ಮೊದಲು, ನಿಮ್ಮ ಮಗನಂಥ ಹುಡುಗರ ಕೈಯಲ್ಲೇ ಆ ಜೀವಗಳು ಇದ್ದವು. ಬಾಗ್ದಾದ್‌ನ ಒಂದು ಸೇನಾ ಆಸ್ಪತ್ರೆಯಲ್ಲಿ 2006ರಲ್ಲಿ ಇನ್ನೊಂದು ಲೆಕ್ಕ ಹಾಕಿದರು. ಗಾಯಾಳು ಶಾಕ್‌ಗೆ (ರಕ್ತ ಹೋಗಿ ಮೈ ಕುಸಿಯುವ ಸ್ಥಿತಿ) ಹೋಗುವ ಮೊದಲೇ ಟೂರ್ನಿಕೆ (ಕಡ್ಡಿ ತಿರುಚಿ ಬಿಗಿಯುವ ಪಟ್ಟಿ) ಬಿಗಿದಿದ್ದರೆ ನೂರಕ್ಕೆ 90 ಜನ ಬದುಕಿದರು. ಶಾಕ್‌ಗೆ ಹೋದ ಮೇಲೆ ಬಿಗಿದಿದ್ದರೆ ಹತ್ತೇ ಜನ.

ಇನ್ನೊಂದು ವಿಷಯ. ಎದೆಗೆ ಪೆಟ್ಟಾಗಿ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡರೆ ಅದು ಹೃದಯವನ್ನೇ ಒತ್ತಿಬಿಡುತ್ತದೆ. ಪಕ್ಕೆಲುಬಿನ ಸಂದಿಯಲ್ಲಿ ದಪ್ಪ ಸೂಜಿ ಚುಚ್ಚಿ ಗಾಳಿ ಬಿಡಬೇಕು. ವರ್ಷಗಟ್ಟಲೆ 5 ಸೆಂಟಿಮೀಟರ್ ಸೂಜಿ ಬಳಸುತ್ತಿದ್ದರು. ಆದರೂ ಕೆಲವರು ಸಾಯುತ್ತಿದ್ದರು. ಕೊನೆಗೆ ಸತ್ತ ಸೈನಿಕರ ಸಿಟಿ ಸ್ಕ್ಯಾನ್ ತೆಗೆದು ಅಳೆದಾಗ ಎದೆಯ ಗೋಡೆಯ ದಪ್ಪವೇ ಸರಾಸರಿ 5.36 ಸೆಂಟಿಮೀಟರ್ ಇತ್ತು. ಎಷ್ಟೋ ಜನರಲ್ಲಿ ಸೂಜಿ ಒಳಗೆ ಮುಟ್ಟುತ್ತಲೇ ಇರಲಿಲ್ಲ! 2007ರಲ್ಲಿ ಅದು ಪ್ರಕಟವಾಯಿತು, 8 ಸೆಂಟಿಮೀಟರ್ ಸೂಜಿ ಬೇಕು ಎಂದರು. ಮೇಕೆಯ ಎದೆ ಕಿರಿದು, ಆಳ ಜಾಸ್ತಿ. ಪಕ್ಕೆಲುಬು ನಮಗೆ 12 ಜೊತೆ, ಅದಕ್ಕೆ 13. ಎಷ್ಟು ಮೇಕೆಗಳಿಗೆ ಚುಚ್ಚಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನೂ ಸಣ್ಣ ಸೂಜಿಯಲ್ಲೇ ಕಲಿಸಿದ್ದೆ.

ಗೊಂಬೆ ಎಂದು ಹಗುರವಾಗಿ ಕಾಣಬೇಡಿ. ಉಸಿರು ಕೊಟ್ಟು ಜೀವ ಉಳಿಸುವುದನ್ನು ಕಲಿಸುವ ಮೊದಲ ಗೊಂಬೆ ಮಾಡಿದವರು ನಾರ್ವೆಯ ಸ್ಟವಾಂಗರ್ ಊರಿನ ಆಟಿಕೆ ತಯಾರಕ ಓಸ್ಮುಂಡ್ ಲೇರ್ಡಾಲ್. ಅವರ ಎರಡು ವರ್ಷದ ಮಗ ನೀರಿನಲ್ಲಿ ಮುಳುಗಿ ಕಷ್ಟದಲ್ಲಿ ಬದುಕಿದ್ದ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಜನಕ್ಕೆ ಕಲಿಸಲು ಮೆತ್ತನೆ ಪ್ಲಾಸ್ಟಿಕ್‌ನ ಗೊಂಬೆ ಬೇಕು ಎಂದು ವೈದ್ಯರು ಕೇಳಿದಾಗ ಅವರು ಮಾಡಿಕೊಟ್ಟರು. 1960ರಲ್ಲಿ ಅದು ಬಂತು. ಎದೆಯೊಳಗೆ ಸ್ಪ್ರಿಂಗ್ ಇಡಿ, ಎದೆ ಒತ್ತುವುದನ್ನೂ ಕಲಿಸಬಹುದು ಎಂದವರು ವೈದ್ಯ ಪೀಟರ್ ಸಫಾರ್. ನಿಮ್ಮ ಮಗ ಎದೆ ಒತ್ತಿ ಕಲಿತ ಗೊಂಬೆ ಇದೇ ವಂಶದ್ದು.

ಈಗಂತೂ ಬಹಳ ಮುಂದೆ ಹೋಗಿದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಟೀವಿ ಸ್ಟುಡಿಯೊ ನಡೆಸುತ್ತಿದ್ದವರು ‘ಕಟ್ ಸೂಟ್’ ಎಂಬ ಒಂದು ಅಂಗಿಯಂಥದ್ದನ್ನು ಮಾಡಿದ್ದಾರೆ. ಒಬ್ಬ ನಟ ಅದನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ. ಅದರಲ್ಲಿ ಚರ್ಮ, ಪಕ್ಕೆಲುಬು, ಒಳಗಿನ ಅಂಗಗಳು ಎಲ್ಲ ಇವೆ. ಕೃತಕ ರಕ್ತ ಚಿಮ್ಮುತ್ತದೆ. ಆ ಅಂಗಿಯನ್ನು ಕೊಯ್ಯಬಹುದು, ಕೊಳವೆ ಹಾಕಬಹುದು, ಹೊಲಿಯಬಹುದು. ಒಳಗಿನ ಮನುಷ್ಯ ಮಾತ್ರ ಕೂಗುತ್ತಾನೆ, ಕೈ ಹಿಡಿದು ಎಳೆಯುತ್ತಾನೆ, ‘ನನ್ನ ಹೆಂಡತಿಗೆ ಹೇಳು’ ಎನ್ನುತ್ತಾನೆ. ಸಂಜೆ ಅಂಗಿಯ ಚರ್ಮಕ್ಕೆ ತೇಪೆ ಹಾಕಿ ನಾಳೆ ಮತ್ತೆ ಬಳಸುತ್ತಾರೆ. ಬ್ರಿಟನ್ನಿನಲ್ಲಿ ಕೈಕಾಲು ಕಳೆದುಕೊಂಡವರೇ ಗಾಯಾಳುಗಳಾಗಿ ನಟಿಸುತ್ತಾರೆ. ಅವರಲ್ಲಿ ಮಾಜಿ ಸೈನಿಕರೂ ಇದ್ದಾರೆ. ತುಂಡಾದ ಕಾಲಿಗೆ ಮೇಕಪ್ ಮಾಡಿ, ರಕ್ತ ಬರಿಸಿ, ಹೊಸ ಹುಡುಗನ ಮುಂದೆ ಮಲಗುತ್ತಾರೆ. ಯಾರ ಕಾಲು ನಿಜವಾಗಿ ಹೋಗಿದೆಯೋ ಅವನೇ ಹೇಳುತ್ತಾನೆ, ‘ಇನ್ನೂ ಬಿಗಿ ಮಾಡು’ ಎಂದು. ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗುತ್ತಾರಾ?

ಒಂದು ಮಾತು ಒಪ್ಪಿಕೊಳ್ಳಬೇಕು. ಬಿಸಿ ರಕ್ತದ ಮೈ, ನಮ್ಮ ಕೈಕೆಳಗೆ ಜೀವ ಜಾರುವ ಅನುಭವ, ಅದನ್ನು ಗೊಂಬೆ ಪೂರ್ತಿ ಕೊಡುವುದಿಲ್ಲ. ಮೇಕೆಯ ಮೇಲೆ ಕಲಿತ ಕೆಲವು ಸೈನಿಕ ವೈದ್ಯರು ‘ಅದರಿಂದ ಧೈರ್ಯ ಬಂತು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಧೈರ್ಯ ಬಂದಿತೆಂದು ಕೈ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನಲಾಗದು. ಕೆನಡಾ ಸೇನೆಯ ವೈದ್ಯ ಸಹಾಯಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರಾಣಿ, ಇನ್ನೊಂದಕ್ಕೆ ಒಳ್ಳೆಯ ಸಿಮ್ಯುಲೇಟರ್ (ಮನುಷ್ಯನ ಮೈಯಂತೆ ವರ್ತಿಸುವ ಗೊಂಬೆ) ಕೊಟ್ಟು ಕಲಿಸಿ ನೋಡಿದ ಒಂದು ಸಣ್ಣ ಅಧ್ಯಯನ 2015ರಲ್ಲಿ ಬಂತು. ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಸಿ ರಕ್ತದ ಅನುಭವ ಬೇಕಾದರೆ ದೊಡ್ಡ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ, ಹಿರಿಯರ ಪಕ್ಕ ನಿಂತು ಪಡೆಯಬೇಕು. ಅಲ್ಲಿ ಆ ರಕ್ತ ನಿಂತರೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ. ಮಗನಿಗೆ ಹೇಳಿ, ಅವಕಾಶ ಸಿಕ್ಕಾಗಲೆಲ್ಲ ಅಲ್ಲಿ ಡ್ಯೂಟಿ ಕೇಳಲಿ.

ಪ್ರಶ್ನೆ: ಡಾಕ್ಟ್ರಮ್ಮ ಅವರಿಗೆ ನಮಸ್ಕಾರ. ನಾನು ಎಂಬತ್ತು ಮೇಕೆ ಸಾಕಿದೀನಿ. ವಾರಕ್ಕೆರಡು ಸಂತೆಗೆ ಹೊಡೀತೀನಿ, ಅವು ಊಟಕ್ಕೇ ಹೋಗ್ತವೆ. ಬಾಯಿರುಚಿಗೆ ಕುಯ್ಯೋದು ತಪ್ಪಲ್ಲ, ಸೈನಿಕನ ಜೀವ ಉಳಿಸೋಕೆ ಒಂದು ಮೇಕೆ ಹೋದರೆ ತಪ್ಪಾ? ಇದು ಯಾವ ನ್ಯಾಯ?
— ಮೇಕೆ ಸಾಕಣೆದಾರರು, ಶಿರಾ

ಅಣ್ಣ, ಈ ತಿಂಗಳು ಬಂದದ್ದರಲ್ಲಿ ನಿಮ್ಮದೇ ಗಟ್ಟಿ ಪ್ರಶ್ನೆ. ನಾನೂ ಮಾಂಸ ತಿನ್ನುವವಳೇ. ಹಾಗಾಗಿ ಮೇಲೆ ನಿಂತು ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಒಂದು ಮೇಕೆ ಹೋಗಿ ಒಬ್ಬ ಸೈನಿಕ ನಿಜವಾಗಿಯೂ ಉಳಿಯುತ್ತಾನೆ ಎಂದಾದರೆ, ಬೇರೆ ದಾರಿಯೇ ಇಲ್ಲ ಎಂದಾದರೆ, ನಾನೇ ಸುಮ್ಮನಿರುತ್ತಿದ್ದೆ. ನನ್ನ ಜಗಳ ಇರೋದು ಅಲ್ಲೇ. ಆ ಲೆಕ್ಕವೇ ಸರಿ ಇಲ್ಲ. ನೀವು ಮೇಕೆಯ ಮೈ ಬಲ್ಲವರು. ಅದರ ಕುತ್ತಿಗೆ, ಎದೆ, ಕಾಲು ಮನುಷ್ಯನ ಹಾಗಿದೆಯಾ ಹೇಳಿ. ಒಬ್ಬ ಹುಡುಗ ಒಂದು ಪ್ರಾಣಿಯ ಮೇಲೆ ಒಂದು ಗಾಯವನ್ನು ಒಂದು ಸಲ ಕಟ್ಟುತ್ತಾನೆ. ತಪ್ಪಾದರೆ ‘ಮತ್ತೆ ಮೊದಲಿಂದ ಮಾಡು’ ಎನ್ನಲು ಆಗುವುದಿಲ್ಲ, ಪ್ರಾಣಿ ಸತ್ತಿರುತ್ತದೆ. ಗೊಂಬೆಯ ಮೇಲೆ ಅದೇ ಹುಡುಗ ಮಧ್ಯಾಹ್ನದ ಊಟದೊಳಗೆ ಮೂವತ್ತು ಸಲ ಮಾಡುತ್ತಾನೆ.

ಇನ್ನೊಂದು ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇಕೆ ಕುಯ್ಯುವಾಗ ಒಳ್ಳೆ ಕೈಯವನನ್ನು ಕರೆಸುತ್ತೀರಿ. ಬೇಗ ಮುಗಿಯಲಿ, ನರಳಬಾರದು ಎಂದು. ಈ ತರಬೇತಿಯಲ್ಲಿ ಬೇಗ ಮುಗಿಯಬಾರದು ಎಂಬುದೇ ಉದ್ದೇಶ. ಗಾಯ ಮಾಡು, ಉಳಿಸು, ಇನ್ನೊಂದು ಗಾಯ ಮಾಡು, ಮತ್ತೆ ಉಳಿಸು. ಅರಿವಳಿಕೆ ಸರಿಯಾಗಿದ್ದರೆ ನೋವು ಗೊತ್ತಾಗುವುದಿಲ್ಲ, ನಿಜ. ಸರಿಯಾಗಿರದಿದ್ದರೆ ಏನಾಗುತ್ತದೆ ಎಂದು ಮೇಲೆ ಹೇಳಿದ ವಿಡಿಯೊ ತೋರಿಸಿತು. ನಿಮ್ಮ ಕೊಟ್ಟಿಗೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ನೀವು ಬಿಡುತ್ತೀರಾ? ಬಿಡುವುದಿಲ್ಲ ಎಂದು ನನಗೆ ಗೊತ್ತು.

ನಿಮ್ಮ ಮೇಕೆಗೂ ಈ ಪಾಠದಲ್ಲಿ ಒಂದು ಜಾಗ ಇದೆ. ಅದನ್ನು ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಹೇಳುತ್ತೇನೆ, ಓದಿ.

ಪ್ರಶ್ನೆ: ನಮ್ಮ ದೇಶದಲ್ಲಿ ಕಾನೂನು ಏನು ಹೇಳುತ್ತದೆ? ನಾವು ಪಿಯುಸಿಯಲ್ಲಿ ಕಪ್ಪೆ ಕೊಯ್ದವರು. ಈಗಿನ ಮೆಡಿಕಲ್ ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆ?
— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಮೇಡಂ, ನೀವು ಕಪ್ಪೆ ಕೊಯ್ದಿರಿ, ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿ ಅದರ ಬೆನ್ನುಹುರಿಗೆ ಸೂಜಿ ಹಾಕಿ, ತೊಡೆಯ ನರ ಬಿಡಿಸಿ, ಹೊಗೆ ಬಳಿದ ಡ್ರಮ್ಮಿನ ಮೇಲೆ ಸ್ನಾಯುವಿನ ಮಿಡಿತದ ಗೆರೆ ಮೂಡಿಸಿದೆ. ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಶಾಸ್ತ್ರದಲ್ಲಿ, ನಾಯಿ. ಔಷಧ ಹಾಕಿದಾಗ ಅದರ ರಕ್ತದೊತ್ತಡ ಏರಿಳಿಯುವುದನ್ನು ಐವತ್ತು ಜನ ಸುತ್ತ ನಿಂತು ನೋಡಿದೆವು. ಹಿಂದಿನ ಸಾಲಿನಲ್ಲಿದ್ದ ನನಗೆ ನಾಯಿಯ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಏರಿಳಿತದ ಗೆರೆಯನ್ನು ಆಮೇಲೆ ಗೆಳತಿಯ ರೆಕಾರ್ಡ್ ಪುಸ್ತಕದಿಂದ ನಕಲು ಮಾಡಿದೆ. ಆ ನಾಯಿ ಸತ್ತು ನಾನು ಏನು ಕಲಿತೆ?

ಕಾನೂನು ಹಳೆಯದೇ, ಮತ್ತು ಒಳ್ಳೆಯದು. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯಿಂದ ಚರ್ಚೆ ಶುರುವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರ 17ನೇ ಸೆಕ್ಷನ್ ಓದಿ. ಪುಸ್ತಕ, ಮಾದರಿ, ಫಿಲಂಗಳಿಂದ ಕಲಿಸಲು ಆಗುವಲ್ಲಿ ಮೆಡಿಕಲ್ ಕಾಲೇಜು, ಆಸ್ಪತ್ರೆಗಳಲ್ಲಿ ಪ್ರಾಣಿ ಬಳಸಬಾರದು ಎಂಬ ಅರ್ಥದ ಮಾತು ಅಲ್ಲಿದೆ. ಬರೀ ಕೈಚಳಕ ಕಲಿಯುವುದಕ್ಕಾಗಿ ಪ್ರಾಣಿಗಳ ಮೇಲೆ ಪ್ರಯೋಗ ಆದಷ್ಟು ಬೇಡ ಎಂದೂ ಇದೆ. ಗಾಯ ಕಟ್ಟುವುದು ಕೈಚಳಕ ಅಲ್ಲದೆ ಮತ್ತೇನು? 1960ರಲ್ಲಿ, ಇವತ್ತಿನಂಥ ಗೊಂಬೆಗಳು ಇಲ್ಲದ ಕಾಲದಲ್ಲಿ, ನಮ್ಮವರು ಇದನ್ನು ಬರೆದಿಟ್ಟರು. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರದ ಪದವಿ, ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಬಿಡಲು ಹೇಳಿತು. ಎಂಬಿಬಿಎಸ್‌ಗೆ 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಪ್ರತಿ ಕಾಲೇಜಿನಲ್ಲೂ ಸ್ಕಿಲ್ ಲ್ಯಾಬ್ ಇರಬೇಕು. ಈಗಿನ ಹುಡುಗರು ಇಂಜೆಕ್ಷನ್, ಹೊಲಿಗೆ, ಕ್ಯಾಥೆಟರ್ ಎಲ್ಲ ಮೊದಲು ಮಾದರಿಗಳ ಮೇಲೆ ಮಾಡಿ ಆಮೇಲೆ ವಾರ್ಡಿಗೆ ಬರುತ್ತಾರೆ. ಲ್ಯಾಬ್ ಬೀಗ ಹಾಕಿ ಇಟ್ಟರೆ ಪ್ರಯೋಜನ ಇಲ್ಲ. ನಾನು ನೋಡಿದ ಒಂದು ಕಾಲೇಜಿನಲ್ಲಿ ಗೊಂಬೆಗಳು ಪ್ಲಾಸ್ಟಿಕ್ ಕವರ್ ಸಮೇತ ಕೂತಿದ್ದವು. ಇನ್‌ಸ್ಪೆಕ್ಷನ್ ದಿನ ಮಾತ್ರ ಕವರ್ ತೆಗೆಯುತ್ತಾರಂತೆ. ಅದನ್ನು ಕೇಳಿ ನಾನು ಅಲ್ಲೇ ಜೋರು ಮಾಡಿ ಬಂದೆ.

ಪ್ರಶ್ನೆ: ನಾನು ನರ್ಸಿಂಗ್ ಮೂರನೇ ವರ್ಷ. ಮುಂದೆ ಸೇನೆಯ ನರ್ಸಿಂಗ್ ಸೇವೆಗೆ ಸೇರುವ ಆಸೆ. ನಮ್ಮ ಕಾಲೇಜಿನಲ್ಲಿ ಹಳೇ ಸಿಪಿಆರ್ ಗೊಂಬೆ ಬಿಟ್ಟರೆ ಏನೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಸಿಮ್ಯುಲೇಟರ್ ಇಲ್ಲದೆ ಗಾಯದ ಚಿಕಿತ್ಸೆ ಕಲಿಯೋದು ಹೇಗೆ?
— ವಿಜಯಪುರ

ಮಗಳೇ, ನಾನು ಕಲಿಸುವಾಗ ನನ್ನ ಹತ್ತಿರವೂ ಏನೂ ಇರಲಿಲ್ಲ. ಇದ್ದದ್ದು ಒಂದು ಟ್ರಂಕು.

ಅದರಲ್ಲಿ ಹಳೇ ಸೈಕಲ್ ಟ್ಯೂಬು, ಸ್ಪಾಂಜು, ಡ್ರಿಪ್ ಸೆಟ್ಟಿನ ಕೊಳವೆ, ಕುಂಕುಮ ಬಣ್ಣದ ನೀರಿನ ಬಾಟಲಿ ಇಡುತ್ತಿದ್ದೆ. ದಪ್ಪ ಸ್ಪಾಂಜಿನಲ್ಲಿ ಆಳವಾದ ತೂತು ಮಾಡಿ, ಒಳಗೆ ಡ್ರಿಪ್ ಕೊಳವೆ ತೂರಿಸಿ, ಒಬ್ಬರು ಬಾಟಲಿ ಹಿಂಡಬೇಕು. ತೂತಿನಿಂದ ಕೆಂಪು ನೀರು ಬುಳುಬುಳು ಬರುತ್ತದೆ. ಇನ್ನೊಬ್ಬರು ಗಾಜ್ ಬಟ್ಟೆಯನ್ನು ಬೆರಳಿನಿಂದ ತಳದವರೆಗೆ ತುರುಕಬೇಕು. ಮೇಲೆ ಮೇಲೆ ಇಟ್ಟರೆ ನಿಲ್ಲುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೇ ಬೆರಳು ಹೋಗಬೇಕು. ತುಂಬಿದ ಮೇಲೆ ಮೈಭಾರ ಹಾಕಿ ಮೂರು ನಿಮಿಷ ಒತ್ತಿ ಹಿಡಿ. ಮೂರು ನಿಮಿಷ ಎಷ್ಟು ಉದ್ದ ಎಂದು ಆಗ ತಿಳಿಯುತ್ತದೆ.

ಈಗ ಶಿರಾದ ಅಣ್ಣನಿಗೆ ಹೇಳಿದ ಮಾತು. ಗಂಟಲು ಕಟ್ಟಿಹೋದಾಗ ಕುತ್ತಿಗೆಯ ಮುಂದೆ ಸಣ್ಣ ಕೊಯ್ತ ಮಾಡಿ ಕೊಳವೆ ಹಾಕುತ್ತಾರೆ. ಅದನ್ನು ಮಾಡುವುದು ವೈದ್ಯರು ಮತ್ತು ಆ ತರಬೇತಿ ಪಡೆದವರು. ಆದರೆ ಪಕ್ಕದಲ್ಲಿ ನಿಂತು ಸಾಮಾನು ಕೊಡುವ ನಿನಗೂ ಅದು ಹೇಗೆ ಎಂದು ಗೊತ್ತಿರಬೇಕು. ನಾನು ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ಹೋಗಿ ಎಸೆಯುವ ಗಂಟಲ ಕೊಳವೆಗಳನ್ನು ಕೇಳಿ ತರುತ್ತಿದ್ದೆ. ಅಂಗಡಿಯವರು ಮೊದಲ ವಾರ ‘ನಾಯಿಗಾ ಅಮ್ಮಾ’ ಎಂದರು. ವಿಷಯ ಹೇಳಿದ ಮೇಲೆ ಪ್ರತಿ ವಾರ ಹತ್ತನ್ನು ತೊಳೆದು ಕವರಿನಲ್ಲಿ ಕಟ್ಟಿ ಇಟ್ಟಿರುತ್ತಿದ್ದರು, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆ ಮೇಕೆಗಳು ಹೇಗೂ ಊಟಕ್ಕೆ ಹೋದವು. ನಮ್ಮ ಪಾಠಕ್ಕಾಗಿ ಒಂದನ್ನೂ ಕೊಂದಿಲ್ಲ.

ಕೊಳವೆಯನ್ನು ಹಲಗೆಯ ಮೇಲಿಟ್ಟು ಸೈಕಲ್ ಟ್ಯೂಬಿನ ತುಂಡನ್ನು ಚರ್ಮದ ಹಾಗೆ ಬಿಗಿದು ಮೊಳೆ ಹೊಡೆಯಬೇಕು. ಕಣ್ಣು ಮುಚ್ಚಿ ತೋರುಬೆರಳಿನಿಂದ ಸವರು. ಮೇಲೆ ಗಟ್ಟಿ ಉಬ್ಬು, ಕೆಳಗೆ ಗಟ್ಟಿ ಉಂಗುರ, ಎರಡರ ನಡುವೆ ಬೆರಳ ತುದಿ ಕೂರುವಷ್ಟು ಮೆತ್ತನೆ ಜಾಗ. ಆ ಜಾಗ ಬೆರಳಿಗೆ ಸಿಗಬೇಕು, ಕಣ್ಣಿಗಲ್ಲ. ಆಮೇಲೆ ನಿನ್ನ ಕುತ್ತಿಗೆಯಲ್ಲೇ ಅದನ್ನು ಹುಡುಕು, ಸುಮ್ನೆ ಮುಟ್ಟಿ ನೋಡು ಅಷ್ಟೇ. ಗೆಳತಿಯರ ಕುತ್ತಿಗೆಯಲ್ಲಿ ಹುಡುಕು. ದಪ್ಪ ಕುತ್ತಿಗೆಯ ಮಾವ ಯಾರಾದರೂ ಇದ್ದರೆ ಅವರಲ್ಲೂ ಹುಡುಕು. ಮೇಕೆಯಲ್ಲಿ ಸಿಕ್ಕಿದ್ದು ಮನುಷ್ಯರಲ್ಲಿ ಬೇರೆ ಥರ ಸಿಗುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ಥರ.

ಟೂರ್ನಿಕೆಗೆ ಒಂದು ಅಗಲ ಪಟ್ಟಿ, ಒಂದು ಗಟ್ಟಿ ಕಡ್ಡಿ ಸಾಕು, ಅಭ್ಯಾಸಕ್ಕೆ. ತುಂಬಿದ ಅಕ್ಕಿ ಚೀಲಕ್ಕೆ ಬೇಡ, ಗೆಳತಿಯ ತೊಡೆಗೇ ಕಟ್ಟು. ಅವಳ ಪಾದದ ನಾಡಿ ಹಿಡಿದುಕೊಂಡಿರು. ನಾಡಿ ನಿಂತ ಕ್ಷಣ ಗಡಿಯಾರ ನೋಡಿ ಹೊತ್ತು ಬರೆದುಕೊಂಡು ತಕ್ಷಣ ಬಿಚ್ಚಿಬಿಡು, ಹಾಗೇ ಬಿಡಬೇಡ. ಶುಗರ್, ಕಾಲಿನ ರಕ್ತನಾಳದ ತೊಂದರೆ ಇರುವವರ ಮೇಲೆ ಮಾತ್ರ ಈ ಅಭ್ಯಾಸ ಬೇಡ.

ಕಟ್ಟುವ ಮೊದಲು ಅವಳ ಜೇಬಿಗೆ ಕೈ ಹಾಕಿ ಏನಿದೆ ಎಂದು ನೋಡುವುದನ್ನು ರೂಢಿ ಮಾಡಿಕೋ. ಪ್ರತಿ ಸಲ.